ಕೂಡಿ ಹೋದವರು ಕೂಡಿ ಬರಬೇಕು

ಕಳೆದ ಚಳಿಗಾಲದ ಒಂದು ರವಿವಾರ ನಮ್ಮ ಸಂಘದ ಹದಿನಾಲ್ಕು ಜನ ಕೂಡಿ ಗುಡ್ಡ ಹತ್ತಲು ಹೋದೆವು. ಉಲ್ಹಾಸನಗರದವರಿಗೆ ಗುಡ್ಡವೇನು ಹೊಸದಲ್ಲ. ಮಾಳಿಗೆ ಏರಿ ನಿಂತರೆ ಮಲಂಗಗಡ ಕಾಣುತ್ತದೆ. ಆದರೆ ಕಾಣುವುದು ಬೇರೆ, ಹತ್ತುವುದು ಬೇರೆ ಎಂಬುದನ್ನು ಆ ದಿನ ನಮ್ಮ ಮೊಣಕಾಲುಗಳು ನಮಗೆ ತಿಳಿಸಿಕೊಟ್ಟವು.

ನಸುಕಿನಲ್ಲಿ ಕರ್ಜತ ಲೋಕಲ್ ಹಿಡಿದು ಭಿವಪುರಿ ರೋಡ್ ನಿಲ್ದಾಣದಲ್ಲಿ ಇಳಿದೆವು. ಅಣೆಕಟ್ಟಿನ ನೀರಿನ ಬದಿಯಿಂದ ನಡೆದು, ಆದಿವಾಸಿಗಳ ವಾಡಿಯೊಂದನ್ನು ದಾಟಿ, ಗಾರ್ಬೆಟ್ ಏಣಿನ ಮೇಲೆ ಹಾಯ್ದು ಮಾಥೇರಾನ ಸೇರಬೇಕೆಂಬುದು ನಮ್ಮ ಹಂಚಿಕೆ. ಠಾಣೆಯ ಕಲೆಕ್ಟರನಾಗಿದ್ದ ಮ್ಯಾಲೆಟ್ ಸಾಹೇಬನು 1850ರಲ್ಲಿ ಕಂಡುಹಿಡಿದನೆಂದು ಹೇಳುವ ಆ ಊರಿಗೆ 1907ರಲ್ಲಿಯೇ ನೇರಳದಿಂದ ಪುಟ್ಟ ರೈಲು ಬಂದಿದೆ. “ರೈಲು ಇರುವಾಗ ಕಾಲು ಯಾಕೆ ನೋಯಿಸಿಕೊಳ್ಳುತ್ತೀರಿ?” ಎಂದು ಮನೆಯವರು ಕೇಳಿದ್ದರು. ನಾವು ಉತ್ತರ ಕೊಟ್ಟಿರಲಿಲ್ಲ.

ಮಳೆ ನಿಂತು ಮೂರು ತಿಂಗಳಾಗಿತ್ತು. ಹುಲ್ಲು ಒಣಗಿ ಕಾಲುದಾರಿಯ ಮೇಲೆ ಅಡ್ಡಲಾಗಿ ಮಲಗಿತ್ತು; ಅದರ ಕೆಳಗೆ ಸಡಿಲ ಜಲ್ಲಿ. ನಮ್ಮ ಸಹ್ಯಾದ್ರಿಯ ಏಣುಗಳ ಮೇಲೆ ಹಿಮಗಡ್ಡೆ ಇಲ್ಲ ನಿಜ, ಆದರೆ ಜಾರಿಸುವ ಕೆಲಸವನ್ನು ಈ ಒಣಹುಲ್ಲು ಚೆನ್ನಾಗಿಯೇ ಕಲಿತಿದೆ. ಅರ್ಧ ಏರಿದ್ದೆವೋ ಇಲ್ಲವೋ, ನಮ್ಮ ನಿವೃತ್ತ ಮಾಸ್ತರರ ಬೂಟಿನ ಅಟ್ಟೆ ಕಿತ್ತು ಬಾಯಿ ತೆರೆಯಿತು. ಅವರು ಚೀಲದ ಕಸೆ ಬಿಚ್ಚಿ ಕಟ್ಟಿಕೊಂಡರು. ಇಪ್ಪತ್ತು ಹೆಜ್ಜೆಗೆ ಅದು ಮತ್ತೆ ಬಿಚ್ಚಿತು.

ಹುಡುಗರು ಆಗಲೇ ಬಹಳ ಮುಂದಿದ್ದರು. ಅವರಲ್ಲೊಬ್ಬನು ಇಳಿದು ಬಂದು, “ಮಾಸ್ತರ್ರೇ, ನೀವು ಈ ನೆರಳಿಗೆ ಕೂತಿರ್ರಿ, ನಾವು ಮೇಲೆ ಮುಟ್ಟಿ ಬರತೀವಿ” ಎಂದ. ಮಾಸ್ತರರು, “ಹೋಗಿ ಬರ್ರೆಪಾ” ಎಂದು ನಕ್ಕರು. ವಾಚಕರೆದುರು ಮುಚ್ಚಿಡುವುದೇಕೆ, ನಮಗೂ ಮನಸ್ಸಿನಲ್ಲಿ ಅದೇ ಸರಿಯೆನಿಸಿತ್ತು. ಆಗ ನಮ್ಮ ಜೊತೆಗಿದ್ದ ಅಕ್ಕನವರೊಬ್ಬರು ಬುತ್ತಿಯ ಗಂಟನ್ನು ಕೆಳಗಿಟ್ಟು, “ಒಬ್ಬರನ್ನ ಬಿಟ್ಟು ಹೋಗೋದಾದರ ಕೂಡಿ ಯಾಕ ಬರಬೇಕಿತ್ತು?” ಎಂದು ಕೇಳಿದರು. ಯಾರೂ ಮಾತಾಡಲಿಲ್ಲ. ಹದಿನಾಲ್ಕೂ ಜನ ತಿರುಗಿ ಇಳಿದೆವು.

ಇಳಿಯುವಾಗ ನಮಗೆ ನೆನಪಾದದ್ದು 2024ರ ಜೂನ್ ತಿಂಗಳ ಸುದ್ದಿ. ಉತ್ತರಾಖಂಡದ ಸಹಸ್ತ್ರತಾಲಕ್ಕೆ ಚಾರಣ ಹೋಗಿದ್ದ 22 ಜನರ ತಂಡ, ಅದರಲ್ಲಿ ಹೆಚ್ಚಿನವರು ನಮ್ಮ ಕನ್ನಡಿಗರು, ಮರಳುವ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಮಂದಿ ತೀರಿಕೊಂಡರು. ಹದಿಮೂರು ಮಂದಿಯನ್ನು ಪಾರುಮಾಡಿದರು. ಅವರು ಮಾಡಿದ್ದರಲ್ಲಿ ತಪ್ಪು ಯಾವುದು, ಒಪ್ಪು ಯಾವುದು ಎಂದು ಬಿಸಿಲಲ್ಲಿ ಕುಳಿತು ಹೇಳುವ ಅಧಿಕಾರ ನಮಗಿಲ್ಲ. ಆದರೆ ಚಳಿಯ ಸ್ವಭಾವವನ್ನು ತಿಳಿದಿರುವುದು ಎಲ್ಲರಿಗೂ ಒಳ್ಳೆಯದು. ಸಾವಿರ ಮೀಟರು ಏರಿದರೆ ಸುಮಾರು ಆರೂವರೆ ಡಿಗ್ರಿ ಉಷ್ಣ ಇಳಿಯುತ್ತದೆ. ಸಹಸ್ತ್ರತಾಲವಿರುವುದು ನಾಲ್ಕು ಸಾವಿರ ಮೀಟರಿಗೂ ಮೇಲೆ. ಅಲ್ಲಿ ಬಟ್ಟೆ ತೊಯ್ದು, ಮೇಲೆ ಗಾಳಿ ಬೀಸಿತೆಂದರೆ ಮೈಯ ಕಾವು ಬೇಗ ಸೋರಿಹೋಗುತ್ತದೆ. ಮೊದಲು ನಡುಕ, ಆಮೇಲೆ ತೊದಲು ಮಾತು, ಎಡವುವ ಕಾಲು. ನಡುಕ ತಾನಾಗಿ ನಿಂತರೆ ಸುಧಾರಿಸಿತೆಂದು ತಿಳಿಯಬಾರದು. ಅಪಾಯ ಬೆಳೆಯಿತೆಂದೇ ತಿಳಿಯಬೇಕು. ನಡೆಯುವವನ ಮೈ ಕಾವನ್ನು ಹುಟ್ಟಿಸುತ್ತಲೇ ಇರುತ್ತದೆ. ದಣಿದು ಕೂತವನಿಗೆ ಆ ಕಾವೂ ಕಡಿಮೆ. ಅಂಥವನಿಗೆ ತನ್ನ ಸ್ಥಿತಿ ತನಗೇ ತಿಳಿಯುವುದಿಲ್ಲ, ಪಕ್ಕದಲ್ಲಿದ್ದವರೇ ನೋಡಬೇಕು. ಪಕ್ಕದಲ್ಲಿ ಯಾರಾದರೂ ಇರಬೇಕಷ್ಟೆ.

ನಮ್ಮ ಗುಡ್ಡದಲ್ಲಿ ಹಿಮವಿರಲಿಲ್ಲ, ಗಾಳಿಯಿರಲಿಲ್ಲ, ಮಾಸ್ತರರ ಜೀವಕ್ಕೆ ಅಪಾಯವೂ ಇರಲಿಲ್ಲ. ಆದರೂ “ನೀವು ಇಲ್ಲೇ ಕೂತಿರ್ರಿ” ಎಂಬ ಮಾತು ಎಷ್ಟು ಸಲೀಸಾಗಿ ಬಂತು, ನಾವು ಅದನ್ನು ಎಷ್ಟು ಸಲೀಸಾಗಿ ಒಪ್ಪಿದೆವು! ಬಿಸಿಲಿನಲ್ಲಿ ಆದ ರೂಢಿ ಹಿಮದಲ್ಲಿ ಬದಲಾದೀತೆಂದು ನಂಬುವುದು ಹೇಗೆ?

ಭಿವಪುರಿ ನಿಲ್ದಾಣದಲ್ಲಿ ಮಾಸ್ತರರು ಎಲ್ಲರಿಗೂ ವಡಾಪಾವ್ ಕೊಡಿಸಿದರು. “ನನ್ನಿಂದ ನಿಮ್ಮೆಲ್ಲರ ದಿನ ಹಾಳಾಯಿತು” ಎಂದು ಎರಡು ಸಲ ಅಂದರು. ಮುಂದೆ ಓಡಿದ್ದ ಆ ಹುಡುಗ ಅವರ ಹರಿದ ಬೂಟನ್ನು ಕೈಯಲ್ಲಿ ಹಿಡಿದು ಚಮ್ಮಾರನನ್ನು ಹುಡುಕುತ್ತ ಹೊರಟಿದ್ದ.

ಬರುವ ಚಳಿಗಾಲದಲ್ಲಿ ಅದೇ ಏಣಿಗೆ ಮತ್ತೆ ಹೋಗುವುದೆಂದು ಗೊತ್ತುಮಾಡಿದ್ದೇವೆ. ಈ ಸಲ ಮೂರು ಕಟ್ಟಳೆ. ಎಲ್ಲರಿಗಿಂತ ಸಾವಕಾಶ ನಡೆಯುವವರು ಮುಂದೆ. ಗಟ್ಟಿಗನೊಬ್ಬ ಎಲ್ಲರ ಹಿಂದೆ. ಎಲ್ಲಿಯೇ ಇರಲಿ, ಗೊತ್ತುಮಾಡಿದ ಹೊತ್ತಿಗೆ ಮೇಲೆ ಮುಟ್ಟದಿದ್ದರೆ ಚರ್ಚೆಯಿಲ್ಲದೆ ಹಿಂದಿರುಗುವುದು. ಬರುವವರು ಸಂಘದ ಕಾರ್ಯದರ್ಶಿಗಳಲ್ಲಿ ಹೆಸರು ಕೊಡಬೇಕು. ಹೊರಡುವ ಮುನ್ನ ಬೂಟಿನ ಅಟ್ಟೆಯನ್ನೊಮ್ಮೆ ನೋಡಿಕೊಳ್ಳಬೇಕು. ಮಾಸ್ತರರು ಹೊಸ ಬೂಟು ಕೊಂಡಿದ್ದಾರೆ. ಮುಂದೆ ನಡೆಯುವವರು ಅವರೇ.