ನೋಡುವವನಾರು?

‘ನಾವು ನೋಡಿದರೆ ಜಗತ್ತುಂಟು, ನೋಡದಿದ್ದರೆ ಇಲ್ಲ, ಆಧುನಿಕ ಭೌತವಿಜ್ಞಾನವೇ ಇದನ್ನು ಸಾಧಿಸಿ ತೋರಿಸಿದೆ’ ಎಂಬ ಮಾತು ನಮ್ಮ ಉಪನ್ಯಾಸ ವೇದಿಕೆಗಳಿಂದ ಮತ್ತೆ ಮತ್ತೆ ಕೇಳಿಬರುತ್ತಿದೆ. ಸಭಿಕರು ತಲೆದೂಗುತ್ತಾರೆ, ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಮಾತು ಇಂಪಾಗಿದೆ, ಆದರೆ ಸತ್ಯವಲ್ಲ. ಸತ್ಯವಲ್ಲದುದನ್ನು ವಿಜ್ಞಾನದ ಹೆಸರಿನಲ್ಲಿ ಮಕ್ಕಳ ತಲೆಗೆ ತುಂಬುವಾಗ ಉಪಾಧ್ಯಾಯನಾದವನು ಸುಮ್ಮನಿರಲಾಗದು.

ಪ್ರಯೋಗವು ಏನು ಹೇಳುತ್ತದೆ? ಎರಡು ಕಿರುಸೀಳುಗಳತ್ತ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಕಳುಹಿಸಿದರೆ ಹಿಂದಿನ ತೆರೆಯ ಮೇಲೆ ಒಂದೊಂದೇ ಚುಕ್ಕೆ ಬೀಳುತ್ತದೆ. ಸಾವಿರಾರು ಚುಕ್ಕೆಗಳು ಕೂಡಿದಾಗ, ಅಲೆಗಳು ಬೆರೆತಂತೆ ಪಟ್ಟೆಗಳು ಮೂಡುತ್ತವೆ. ಎಲೆಕ್ಟ್ರಾನು ಯಾವ ಸೀಳಿನಿಂದ ಹಾಯಿತೆಂದು ತಿಳಿಸುವ ಉಪಕರಣವನ್ನಿಟ್ಟರೆ ಪಟ್ಟೆಗಳು ಅಳಿಯುತ್ತವೆ. ಇದು ದಿಟ, ವಿಸ್ಮಯವೂ ಹೌದು. ಆದರೆ ಅಳಿಸಿದವರಾರು? ನಮ್ಮ ಮನಸ್ಸೇ?

1999ರಲ್ಲಿ ವಿಯೆನ್ನಾದ ವಿಜ್ಞಾನಿಗಳು 60 ಇಂಗಾಲದ ಪರಮಾಣುಗಳುಳ್ಳ ಚೆಂಡಿನಾಕಾರದ ಅಣುಗಳಿಂದಲೂ ಇಂಥ ಪಟ್ಟೆಗಳನ್ನು ಪಡೆದರು. 2004ರಲ್ಲಿ ಅಲ್ಲಿಯೇ 70 ಪರಮಾಣುಗಳುಳ್ಳ ಅಣುಗಳನ್ನು ಲೇಸರ್ ಕಿರಣದಿಂದ ಕಾಯಿಸಿ ಪರೀಕ್ಷಿಸಿದರು. ಕಾದ ಅಣು ಬೆಳಕನ್ನು ಸೂಸುತ್ತದೆ. ಅಣು ಯಾವ ದಾರಿಯಲ್ಲಿತ್ತೆಂಬ ಸುಳಿವು ಆ ಬೆಳಕಿನೊಡನೆ ಹೊರಬೀಳುತ್ತದೆ. ಕಾವು ಏರಿದಂತೆಲ್ಲ ಪಟ್ಟೆಗಳು ಮಸುಕಾಗಿ ಅಳಿದವು. ಆ ಬೆಳಕನ್ನು ಹಿಡಿದು ದಾರಿಯನ್ನು ಓದಿದವರು ಯಾರೂ ಇರಲಿಲ್ಲ. ಸುಳಿವು ಹೊರಬಿದ್ದುದೇ ಸಾಕಾಯಿತು.

ತಪ್ಪಿನ ಬೇರು ಒಂದು ಪದದಲ್ಲಿದೆ. ಇಂಗ್ಲಿಷಿನ ‘ಅಬ್ಸರ್ವರ್’ ಕನ್ನಡದಲ್ಲಿ ‘ವೀಕ್ಷಕ’ನಾದ, ಉತ್ಸಾಹಿಗಳ ಬಾಯಲ್ಲಿ ‘ದ್ರಷ್ಟಾರ’ನೇ ಆಗಿಬಿಟ್ಟ. ಕಣ್ಣು, ಮನಸ್ಸು, ಆತ್ಮಗಳು ಹಿಂಬಾಗಿಲಿನಿಂದ ಒಳಬಂದವು. ಈ ವೀಕ್ಷಕನು ಮನುಷ್ಯನಾದರೂ ಒಂದೇ, ಉಪಕರಣವಾದರೂ ಒಂದೇ ಎಂದು ಹೈಸನ್‌ಬರ್ಗರು 1958ರ ತಮ್ಮ ಗ್ರಂಥದಲ್ಲಿಯೇ ಸ್ಪಷ್ಟಪಡಿಸಿದ್ದರು.

‘ವಿಗ್ನರರಂಥ ದೊಡ್ಡವರು ಚೈತನ್ಯಕ್ಕೆ ಸ್ಥಾನ ಕೊಡಲಿಲ್ಲವೇ?’ ಎಂದು ಕೇಳುವವರುಂಟು. 1961ರಲ್ಲಿ ಅವರು ಹಾಗೆ ವಾದಿಸಿದ್ದು ನಿಜ. ಮುಂದೆ ಅವರೇ ಆ ನಿಲುವನ್ನು ಕೈಬಿಟ್ಟದ್ದೂ ಅಷ್ಟೇ ನಿಜ. ಮೊದಲರ್ಧವನ್ನು ಮಾತ್ರ ಉದಾಹರಿಸುವುದು ಪ್ರಾಮಾಣಿಕತೆಯಲ್ಲ.

ಹಾಗೆಂದು ಹಳೆಯ ಚಿತ್ರವೇ ಉಳಿಯಿತೆಂದೂ ಹೇಳಲಾಗದು. ಅಳತೆಗೆ ಮೊದಲೇ ಕಣವು ಎಲ್ಲ ಉತ್ತರಗಳನ್ನೂ ಗಂಟುಕಟ್ಟಿಕೊಂಡಿರುತ್ತದೆ, ದೂರದಲ್ಲಿ ನಡೆದುದು ಅದಕ್ಕೆ ತಟ್ಟದು ಎಂಬ ಸರಳ ನಂಬಿಕೆಯನ್ನು 1964ರಲ್ಲಿ ಬೆಲ್ಲರು ಪರೀಕ್ಷೆಗೆ ಒಡ್ಡಿದರು. ಆ ನಂಬಿಕೆ ಪ್ರಯೋಗದಲ್ಲಿ ಸೋತಿತು. ಆ ಕಾರ್ಯಕ್ಕಾಗಿ ಆಸ್ಪೆ, ಕ್ಲೌಸರ್, ಜೈಲಿಂಗರ್ ಇವರಿಗೆ 2022ರ ನೊಬೆಲ್ ಪಾರಿತೋಷಕ ಸಂದಿತು. ಹಲವು ಸಾಧ್ಯತೆಗಳಲ್ಲಿ ಒಂದೇ ಏಕೆ ಘಟಿಸುತ್ತದೆ ಎಂಬ ಪ್ರಶ್ನೆಗೆ ಸರ್ವಸಮ್ಮತವಾದ ಉತ್ತರ ಇಂದಿಗೂ ಇಲ್ಲ. ಒಗಟು ಇನ್ನೂ ಬಿಡಿಸದೆ ಉಳಿದಿದೆ. ಬಿಡಿಸದ ಒಗಟಿಗೆ ನಮಗೆ ಪ್ರಿಯವಾದ ಉತ್ತರವನ್ನು ಅಂಟಿಸಿ ‘ಸಿದ್ಧಾಂತ’ವೆನ್ನುವುದು ಮಾತ್ರ ಅನ್ಯಾಯ.

ಇದರಿಂದ ವೇದಾಂತಕ್ಕೂ ಗೌರವ ಸಲ್ಲುವುದಿಲ್ಲ. ಹೊರಗಿನ ವಸ್ತುವೆಂಬುದಿಲ್ಲ, ಎಲ್ಲವೂ ಜ್ಞಾನದ ಆಕಾರವೇ ಎಂದ ವಿಜ್ಞಾನವಾದಿಗಳನ್ನು ಶಂಕರಾಚಾರ್ಯರೇ ಬ್ರಹ್ಮಸೂತ್ರಭಾಷ್ಯದಲ್ಲಿ ಖಂಡಿಸಿದ್ದಾರೆ. ಅದ್ವೈತವು ತನ್ನ ಯುಕ್ತಿಯ ಬಲದಿಂದಲೇ ನಿಂತಿದೆ; ಅದಕ್ಕೆ ಪ್ರಯೋಗಶಾಲೆಯ ಊರುಗೋಲು ಬೇಡ.

ಉಪಾಧ್ಯಾಯ ಬಂಧುಗಳೇ, ಗಡಿಯಾಚೆಯ ನಮ್ಮ ತರಗತಿಗಳಲ್ಲಿ ಕನ್ನಡವು ಹಾಡಿಗೆ, ಹಬ್ಬಕ್ಕೆ ಮಾತ್ರ ಮೀಸಲಾಗಬಾರದು. ಖಚಿತವಾದ ವಿಚಾರಕ್ಕೂ ಅದು ಸಲ್ಲಬೇಕು. ಕನ್ನಡದಲ್ಲಿ ವಿಜ್ಞಾನ ಹೇಳಲಾಗದೆಂದು ಹಳಿಯುವವರಿಗೆ ನಮ್ಮ ಸಡಿಲ ಮಾತೇ ಸಾಕ್ಷಿಯಾಗದಿರಲಿ. ಮುಂದಿನ ಪಾಠದಲ್ಲಿ ಕಪ್ಪುಹಲಗೆಯ ಮೇಲೆ ಎರಡು ಸೀಳುಗಳನ್ನು ಬರೆಯಿರಿ. ‘ನೋಡಿದಾಗ’ ಎನ್ನುವಲ್ಲಿ ‘ಅಳೆದಾಗ’ ಎನ್ನಿರಿ. ವಿದ್ಯಾರ್ಥಿಗಳೇ, ವೇದಿಕೆಯಿಂದ ಆ ಇಂಪಾದ ಮಾತು ಮತ್ತೆ ಬಂದಾಗ ಎದ್ದುನಿಂತು ವಿನಯದಿಂದ ಒಂದೇ ಪ್ರಶ್ನೆ ಕೇಳಿರಿ: ‘ಸ್ವಾಮೀ, ವಿಯೆನ್ನಾದ ಆ ಬೆಳಕನ್ನು ನೋಡಿದವರಾರು?’