ಮಕ್ಕಳ ನುಡಿಹಬ್ಬ ಮತ್ತು ಮನೆಯ ಮಾತು

ಶ್ರಾವಣ ಬಂದಿತೆಂದರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮಠಮಾನ್ಯಗಳಲ್ಲಿ ಪುರಾಣ-ಪ್ರವಚನಗಳು ಆರಂಭವಾಗುತ್ತವೆ. ಅವುಗಳ ಜೊತೆಗೆ ಶಾಲಾ ಮಕ್ಕಳಿಗೆ ವಚನ ಕಂಠಪಾಠ ಸ್ಪರ್ಧೆಗಳೂ ಜರುಗುತ್ತವೆ. ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿಯಲ್ಲಿ ಕಂಠಪಾಠ, ಭಾಷಣ, ಕಥೆ ಹೇಳುವ ಸ್ಪರ್ಧೆಗಳಿವೆ. ಮಕ್ಕಳು ವೇದಿಕೆಯೇರಿ ಕನ್ನಡದಲ್ಲಿ ನುಡಿಯುವ ಇಂಥ ಹಬ್ಬಗಳು ಸಂತೋಷವನ್ನುಂಟುಮಾಡುತ್ತವೆ. ಆದರೆ ಹಬ್ಬದ ಮರುದಿನ ಆ ನುಡಿ ಎಲ್ಲಿರುತ್ತದೆ ಎಂಬುದನ್ನು ಪಾಲಕರು ಯೋಚಿಸಬೇಕಾಗಿದೆ.

ನಾವಿರುವುದು ಸಾಮಾನ್ಯ ನೆಲದಲ್ಲಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳು ಇರುವ ನಾಡನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಸ್ಥಳಗಳಲ್ಲಿ ಪುಲಿಗೆರೆಯೂ ಒಂದು. ಅದೇ ಇಂದಿನ ಲಕ್ಷ್ಮೇಶ್ವರ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ ಪಂಪನು ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದು ಅಭಿಮಾನದಿಂದ ಹೇಳಿಕೊಂಡನು. ಗದುಗಿಗೆ ಸಮೀಪದ ಮುಳಗುಂದದ ನಯಸೇನನು 1112ರ ‘ಧರ್ಮಾಮೃತ’ದಲ್ಲಿ, ಕನ್ನಡದಲ್ಲಿ ಬರೆಯಹೊರಟು ಸಂಸ್ಕೃತವನ್ನು ತುರುಕುವುದನ್ನು ತುಪ್ಪ-ಎಣ್ಣೆಗಳನ್ನು ಬೆರೆಸುವುದಕ್ಕೆ ಹೋಲಿಸಿ ಗೇಲಿಮಾಡಿದನು. ಶರಣರಂತೂ ಅನುಭಾವವನ್ನು ಜನರ ಆಡುಮಾತಿನಲ್ಲಿಯೇ ನುಡಿದರು.

ಕೆಲವು ವರ್ಷಗಳ ಹಿಂದೆ ಒಂದು ಸ್ಪರ್ಧೆಗೆ ನಾವು ನಿರ್ಣಾಯಕರಾಗಿದ್ದೆವು. ಬಾಲಕಿಯೊಬ್ಬಳು ಕಾಯಕದ ಕುರಿತಾದ ವಚನಗಳನ್ನು ತಡವರಿಸದೆ ಒಪ್ಪಿಸಿದಳು. ಅವಳ ಕೈಯಲ್ಲಿದ್ದ ಚೀಟಿಯನ್ನು ನೋಡಿದರೆ, ವಚನಗಳೆಲ್ಲವೂ ಇಂಗ್ಲಿಷ್ ಲಿಪಿಯಲ್ಲಿ ಬರೆದವು! “ಕಾಯಕವೆಂದರೇನು, ತಾಯಿ?” ಎಂದೆವು. ಉತ್ತರ ಬರಲಿಲ್ಲ. ನಂತರ ಬಂದ ಶಿರಹಟ್ಟಿ ಕಡೆಯ ಹುಡುಗ ಎರಡು ಕಡೆ ಮರೆತು ನಿಂತನು. ಅದೇ ಪ್ರಶ್ನೆಗೆ ಅವನು, “ನಮ್ಮಜ್ಜಿ ನಸುಕಿನ್ಯಾಗ ಎದ್ದು ರೊಟ್ಟಿ ಬಡೀತಾಳ್ರೀ, ಅದು ಕಾಯಕರೀ” ಎಂದನು. ನಮ್ಮೊಡನಿದ್ದ ನಿರ್ಣಾಯಕರೊಬ್ಬರು ಭಾಷೆ ಗ್ರಾಮ್ಯವಾಯಿತೆಂದು ಅಂಕ ಕಳೆಯಹೊರಟರು. ನಾವು ಸಮ್ಮತಿಸಲಿಲ್ಲ. ತಿರುಳ್ಗನ್ನಡದ ನಾಡಿನ ಮಗು ತನ್ನ ಮನೆಯ ಮಾತಿಗೆ ನಾಚಬೇಕೆ?

ಮನೆ ಕೈಬಿಟ್ಟ ಭಾಷೆಯ ಸ್ಥಿತಿಯನ್ನು ಐರ್ಲೆಂಡಿನಲ್ಲಿ ಕಾಣಬಹುದು. ಅಲ್ಲಿಯ ಐರಿಷ್ ಭಾಷೆಯನ್ನು ಉಳಿಸಲು 1893ರಲ್ಲಿ ಗೇಲಿಕ್ ಲೀಗ್ ಸ್ಥಾಪನೆಯಾಯಿತು. 1897ರಿಂದ ಭಾಷಾ ಉತ್ಸವಗಳು ಆರಂಭವಾದವು. 1937ರ ಸಂವಿಧಾನವು ಅದನ್ನು ಪ್ರಥಮ ಅಧಿಕೃತ ಭಾಷೆಯೆಂದು ಸಾರಿತು. ಶಾಲೆಗಳಲ್ಲಿ ಬೋಧನೆಯಿದೆ, ಮಕ್ಕಳ ಸ್ಪರ್ಧೆಗಳಿವೆ. ಆದರೂ 2022ರ ಜನಗಣತಿಯಲ್ಲಿ ಐರಿಷ್ ಬಲ್ಲೆವೆಂದವರು 18 ಲಕ್ಷಕ್ಕೂ ಹೆಚ್ಚಾದರೆ, ಶಾಲೆಯ ಹೊರಗೆ ದಿನನಿತ್ಯ ಆಡುವವರು ಸುಮಾರು 72 ಸಾವಿರ ಮಾತ್ರ. ಉತ್ಸವವು ಭಾಷೆಗೆ ಗೌರವವನ್ನು ತರಬಲ್ಲುದು. ಉಸಿರನ್ನು ತುಂಬಬೇಕಾದುದು ಮನೆ.

ನಮ್ಮಲ್ಲಿಯೂ ಕಾನೂನನ್ನೇ ನೆಚ್ಚುವಂತಿಲ್ಲ. ಗೋಕಾಕ ಚಳವಳಿಯಲ್ಲಿ ಗದಗದ ತೋಂಟದ ಸಿದ್ಧಲಿಂಗ ಮಹಾಸ್ವಾಮಿಗಳು ಬೀದಿಗಿಳಿದು ಕನ್ನಡದ ಪರವಾಗಿ ನಿಂತರು. 2018ರಲ್ಲಿ ಲಿಂಗೈಕ್ಯರಾಗುವವರೆಗೂ ಕನ್ನಡವೇ ಅವರ ಧ್ಯಾನವಾಗಿತ್ತು. ಆದರೆ ಮಾತೃಭಾಷಾ ಮಾಧ್ಯಮವನ್ನು ಸರಕಾರ ಕಡ್ಡಾಯಗೊಳಿಸಲಾಗದೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆಯ್ಕೆ ಈಗ ತಂದೆ-ತಾಯಿಗಳದು. ಮಗುವನ್ನು ಇಂಗ್ಲಿಷ್ ಶಾಲೆಗೆ ಕಳಿಸಿದವರನ್ನು ನಾವು ನಿಂದಿಸುವುದಿಲ್ಲ. ಅನ್ನದ ಚಿಂತೆ ಅವರಿಗೂ ಇದೆ. ಆದರೆ ಮನೆಯೊಳಗಿನ ಮಾತನ್ನು ಬದಲಿಸಲು ಯಾವ ಶಾಲೆಯೂ ಅವರನ್ನು ಕಟ್ಟಿಹಾಕಿಲ್ಲ.

ಸ್ಪರ್ಧೆಗಳನ್ನು ಏರ್ಪಡಿಸುವವರಲ್ಲಿ ನಮ್ಮದೊಂದು ವಿನಂತಿ. ಕಂಠಪಾಠ ಇರಲಿ; ಅದರೊಡನೆ ಕನ್ನಡ ಲಿಪಿಯನ್ನು ನೋಡಿ ಓದುವುದೂ, ಅರ್ಥವನ್ನು ತನ್ನ ಮಾತಿನಲ್ಲಿ ಹೇಳುವುದೂ ಇರಲಿ. ಮನೆಯ ಹಿರಿಯರಿಂದ ಹತ್ತು ಪದಗಳನ್ನು ಕೇಳಿ ಬರೆದು ತರುವುದಕ್ಕೊಂದು ಬಹುಮಾನವಿರಲಿ. ಬೆಟಗೇರಿಯ ನೇಕಾರರ ಮನೆಯ ಮಗು ಮಗ್ಗ, ಲಾಳಿ, ಹಾಸು, ಹೊಕ್ಕುಗಳನ್ನು ತರಲಿ. ಮುಂಡರಗಿಯ ಒಕ್ಕಲಿನ ಮಗು ಕೂರಿಗೆ, ಎಡೆಕುಂಟೆ, ಎರೆಭೂಮಿಗಳನ್ನು ತರಲಿ. ಕಪ್ಪತಗುಡ್ಡದ ಬುಡದ ಊರಿನ ಮಗು ಅಲ್ಲಿಯ ಗಿಡಮೂಲಿಕೆಗಳ ಹೆಸರುಗಳನ್ನು ತರಲಿ. ಈ ಪದಗಳು ಅಜ್ಜ-ಅಜ್ಜಿಯರೊಡನೆಯೇ ಹೊರಟುಹೋದರೆ ಯಾವ ನಿಘಂಟೂ ಅವುಗಳನ್ನು ಮತ್ತೆ ನಾಲಗೆಗೆ ತಂದುಕೊಡಲಾರದು.

ತಾಯಂದಿರು ಊಟಕ್ಕೆ ಬಡಿಸುವಾಗ ಮಗುವಿನಿಂದ ಒಂದು ವಚನ ಹೇಳಿಸಲಿ, ಅದರ ಅರ್ಥವನ್ನೂ ಕೇಳಲಿ. ಮಗು ತಪ್ಪಿದರೆ ತಿದ್ದಲಿ, ಆದರೆ ನಗದಿರಲಿ.