ಬೋರ್ಡಲ್ಲಿ ಕನ್ನಡ ಬಂತು, ಬೆಡ್ ಪಕ್ಕಕ್ಕೆ ಯಾವಾಗ?

2024ರಲ್ಲಿ ಕಾನೂನು ತಿದ್ದುಪಡಿ ಆಗಿ ನಾಮಫಲಕದಲ್ಲಿ ಶೇ. 60 ಕನ್ನಡ ಕಡ್ಡಾಯ ಆಯ್ತಲ್ಲ, ನಾವೆಲ್ಲ ಕುಣಿದಾಡಿದ್ದೇ ಕುಣಿದಾಡಿದ್ದು. ಸಂತೋಷ. ಈಗ ಅದೇ ಬೋರ್ಡು ದಾಟಿ ಆಸ್ಪತ್ರೆಯ ಎಮರ್ಜೆನ್ಸಿಗೆ ಕಾಲಿಟ್ಟು ನೋಡಿ ಸ್ವಾಮಿ.

ಮೊನ್ನೆ ನಮ್ಮ ವಿಜಯನಗರದ ಬೀದಿಯ ಹಿರಿಯರೊಬ್ಬರನ್ನ ಕರ್ಕೊಂಡು ಹೋಗಿದ್ವಿ. ಎರಡು ದಿನದಿಂದ ತಲೆನೋವು, ಮಂಕು, ಎಡಗಾಲು ಎಳೆದು ನಡೀತಿದ್ರು. ತಲೇಲಿ ಬ್ಲೀಡಿಂಗ್ ಇರಬಹುದು ಅಂತ ಡ್ಯೂಟಿ ಡಾಕ್ಟರಿಗೂ ಅನುಮಾನ. ಅವರು ಅಜ್ಜಿಯನ್ನ ಕೇಳಿದ್ದು: “ಎನಿ ಹಿಸ್ಟರಿ ಆಫ್ ಟ್ರಾಮಾ? ಬ್ಲಡ್ ಥಿನ್ನರ್ಸ್?” ಅಜ್ಜಿ ಎರಡಕ್ಕೂ ತಲೆ ಅಲ್ಲಾಡಿಸಿದ್ರು. ಕೇಸ್ ಶೀಟಲ್ಲಿ ಎರಡು ‘ನೋ’ ಬಿತ್ತು.

“ಅಜ್ಜಿ, ತಾತ ಎಲ್ಲಾದ್ರೂ ಬಿದ್ದಿದ್ರಾ?” ಅಂದೆ.

“ಬಚ್ಚಲಲ್ಲಿ ಜಾರಿದ್ರಪ್ಪ, ಮೂರು ವಾರ ಆಯ್ತು. ಏನೂ ಆಗ್ಲಿಲ್ವಲ್ಲ!”

“ರಕ್ತ ತೆಳು ಮಾಡೋ ಮಾತ್ರೆ?”

“ವಾಲ್ವ್ ಹಾಕ್ಸಿದಾಗಿಂದ ಇದನ್ನ ತಗೋತಾರೆ” ಅಂತ ಚೀಲದಿಂದ ಅಸಿಟ್ರಾಮ್ ತೆಗೆದ್ರು!

ವಯಸ್ಸಾದವರಿಗೆ ಸಣ್ಣ ಪೆಟ್ಟು ಸಾಕು, ಮೆದುಳಿನ ಹೊದಿಕೆಯಡಿ ವಾರಗಟ್ಟಲೆ ರಕ್ತ ಮೆಲ್ಲಗೆ ಸೇರಿಕೊಳ್ಳಬಹುದು. “ಸಿಟಿ ಸ್ಕ್ಯಾನಲ್ಲಿ ಎಲ್ಲಾ ಗೊತ್ತಾಗುತ್ತೆ ಬಿಡ್ರಿ” ಅನ್ನೋ ಜಾಣರಿದ್ದಾರೆ. ಸಿಟಿ ರಕ್ತ ತೋರಿಸುತ್ತೆ, ಚೀಲದಲ್ಲಿರೋ ಮಾತ್ರೆ ತೋರಿಸಲ್ಲ. ಅಸಿಟ್ರಾಮ್, ವಾರ್ಫರಿನ್ ಆದ್ರೆ ವಿಟಮಿನ್ ಕೆ, ಜೊತೆಗೆ ರಕ್ತ ಹೆಪ್ಪುಗಟ್ಟಿಸೋ ಅಂಶಗಳನ್ನ ಕೊಡ್ತಾರೆ. ಆಸ್ಪಿರಿನ್ ತಗೊಳ್ಳೋರಿಗೆ ವಿಟಮಿನ್ ಕೆಯಿಂದ ಉಪಯೋಗ ಇಲ್ಲ. ತಲೆನೋವು ಮೆಲ್ಲಗೆ ಏರಿತೋ, ಸಿಡಿಲು ಬಡಿದ ಹಾಗೆ ಒಂದೇ ಏಟಿಗೆ ಬಂತೋ? ಎರಡನೇದಾದ್ರೆ ಉಬ್ಬಿದ ರಕ್ತನಾಳ ಒಡೆದಿರೋ ಅನುಮಾನ ಬರಬೇಕು. ಇದನ್ನ ಯಾವ ಮೆಷಿನ್ನು ಹೇಳುತ್ತೆ?

ಬರೀ ಅನುವಾದ ಮಾಡಿದ್ರೂ ಸಾಲದು. “ಬಿಪಿ ಇದೆಯಾ?” ಅಂದ್ರೆ “ಇಲ್ಲ, ಮಾತ್ರೆ ತಗೋತಾರಲ್ಲ” ಅನ್ನೋ ಜನ ನಾವು :) “ಬಿಪಿ ಮಾತ್ರೆ ಕೊನೇ ಸಲ ಯಾವತ್ತು ತಗೊಂಡ್ರು?” ಅಂತ ಕೇಳಬೇಕು. ಕುಡಿಯೋ ವಿಷಯ ಅಳಿಯಂದಿರ ಎದುರಿಗಲ್ಲ, ಪಕ್ಕಕ್ಕೆ ಕರೆದು ಕೇಳಬೇಕು.

ಹೊರರಾಜ್ಯದ ಎಳೇ ಡಾಕ್ಟರುಗಳ ಮೇಲೆ ನನಗೆ ಸಿಟ್ಟಿಲ್ಲ. 2019ರಿಂದ ಎಂಬಿಬಿಎಸ್ ಶುರುವಿನ ಫೌಂಡೇಶನ್ ಕೋರ್ಸಲ್ಲೇ ಸ್ಥಳೀಯ ಭಾಷೆ ಇದೆ. ಸಿಟ್ಟು ಆಸ್ಪತ್ರೆ ನಡೆಸೋರ ಮೇಲೆ. ಇನ್ಶೂರೆನ್ಸ್ ಕಾರ್ಡ್ ಕೇಳೋಕೆ ಕೌಂಟರಲ್ಲಿ ಅಚ್ಚಗನ್ನಡದವರನ್ನ ಕೂರಿಸ್ತೀರಿ, ಹತ್ತು ಪ್ರಶ್ನೆ ಕನ್ನಡದಲ್ಲಿ ಅಚ್ಚು ಹಾಕ್ಸಿ ಎಮರ್ಜೆನ್ಸಿಲಿ ಇಡೋಕೆ ಆಗಲ್ವಾ?

ನಮ್ಮ ಬ್ಲಾಗಿಗರಲ್ಲೂ ಡಾಕ್ಟರುಗಳಿದ್ದೀರಿ. ಆ ಹತ್ತು ಪ್ರಶ್ನೆ ನಿಮ್ಮೂರ ಕನ್ನಡದಲ್ಲಿ ಬರೆದು ಕಳಿಸಿ. ರಾಜಾಜಿನಗರದಿಂದ ಕೆಂಗೇರಿವರೆಗೆ ಹಂಚೋ ಕೆಲಸ, ಜೆರಾಕ್ಸ್ ಖರ್ಚು ಎರಡೂ ನಂದು.